ಹೂಂಗುಟ್ಟದ ಸಭೆ

ನಮ್ಮ ಲೈಬ್ರರಿಯ ಓದುವ ಕೋಣೆಯಲ್ಲಿ ಗೋಡೆ ಗಡಿಯಾರದ ಕೆಳಗೆ "ಮೌನವಾಗಿರಿ" ಎಂಬ ಬೋರ್ಡು ಇದೆ. ಹುಣಸೂರಿನ ಈ ಸಾರ್ವಜನಿಕ ಗ್ರಂಥಾಲಯಕ್ಕೆ ನಾನು ಕೆಲಸಕ್ಕೆ ಸೇರಿದಾಗಲೇ ಅದು ಅಲ್ಲಿತ್ತು. ಬಣ್ಣ ಮಾಸಿದಾಗಲೆಲ್ಲ ಪೇಂಟರನ್ನು ಕರೆಸಿ ಮತ್ತೆ ಕೆಂಪಗೆ ಬರೆಸಿದವಳು ಮಾತ್ರ ನಾನೇ. ಗದ್ದಲ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೊಲೀಸ್ ಪರೀಕ್ಷೆಗೆ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ನನ್ನ ಚಪ್ಪಲಿ ಸದ್ದು ಕೇಳಿದರೆ ಮೊಬೈಲನ್ನು ಜೇಬಿಗೆ ಇಳಿಸುತ್ತಾರೆ. ದಿನಾ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ತುಟಿ ಅಲ್ಲಾಡಿಸದೆ ಓದಿ ಗೊತ್ತಿಲ್ಲ. "ಸಾರ್, ಮನಸಲ್ಲೇ ಓದ್ಕೊಳಿ" ಎಂದು ನಾನು, "ಬಾಯಲ್ಲಿ ಓದ್ದೆ ಮನಸಿಗೆ ಎಂಗಮ್ಮ ಓಗ್ತದೆ?" ಎಂದು ಅವರು. ಇದು ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆದುಬಂದ ಜಗಳ. ಈಗ ಆ ಬೋರ್ಡಿನ ಕಡೆ ಕಣ್ಣು ಹೋದರೆ ನನಗೆ ಸಂಕಟವಾಗುತ್ತದೆ. ಅದಕ್ಕೆ ಕಾರಣ ನಮ್ಮ ದೊಡ್ಡವ್ವ, ಮತ್ತು ಅವಳು ಹೇಳಿ ಮುಗಿಸದೆ ಹೋದ ಒಂದು ಕತೆ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಒಂದಷ್ಟು ರಾಗಿ ಹೊಲ, ಒಂದಷ್ಟು ಹೊಗೆಸೊಪ್ಪು, ಸೊಪ್ಪು ಬೇಯಿಸಲು ಮನೆ ಹಿಂದೆ ಬ್ಯಾರನ್ನು ಎನ್ನುವ ಒಂದು ಬೆಂಕಿ ಕಾವಿನ ಕೋಣೆ. ಬೇಸಿಗೆ ರಜೆ ಬಂದರೆ ನಾವು ಮಕ್ಕಳೆಲ್ಲ ಅಲ್ಲೇ ಬಿದ್ದಿರುತ್ತಿದ್ದೆವು. ಸಂಜೆ ಮುದ್ದೆ ಉಂಡು ಜಗಲಿಯಲ್ಲಿ ಚಾಪೆ ಹಾಸಿದ ಮೇಲೆ ದೊಡ್ಡವ್ವನ ಕತೆ ಶುರುವಾಗುತ್ತಿತ್ತು. ಕತೆಗೆ ಒಂದು ಕಟ್ಟಳೆ ಇತ್ತು. ಅವಳು ಒಂದು ಮಾತು ಹೇಳಿ ನಿಲ್ಲಿಸಿದರೆ ನಾವು "ಹೂಂ" ಎನ್ನಬೇಕು. ಹೂಂ ಎಂದರೆ ಕತೆ ಮುಂದಕ್ಕೆ ಹೋಗುತ್ತದೆ. ಅನ್ನದಿದ್ದರೆ ಮಕ್ಕಳು ನಿದ್ದೆ ಹೋದವು ಎಂದು ಲೆಕ್ಕ. ಕತೆ ಅಲ್ಲಿಗೇ ನಿಲ್ಲುತ್ತದೆ. "ಉಳಿದದ್ದು ನಾಳಿಕೆ ಕಣವ್ವ" ಎಂದು ತನಗೆ ತಾನೇ ಹೇಳಿಕೊಂಡು ಅವಳು ಸೆರಗು ಹೊದ್ದು ಮಲಗುತ್ತಿದ್ದಳು. ನಾಳೆ ಎಂದರೆ ನಿಲ್ಲಿಸಿದ ಕಡೆಯಿಂದ ಅಲ್ಲ, ಮತ್ತೆ ಮೊದಲಿಂದ. ಕತೆಯನ್ನು ನಡುವಿನಿಂದ ಹೇಳಬಾರದು ಎನ್ನುವುದು ಅವಳ ಇನ್ನೊಂದು ಕಟ್ಟಳೆ.

ಅವಳ ಕತೆಗಳಲ್ಲಿ ದಾಹದ ಹುಡುಗಿಯ ಕತೆ ಎಂದರೆ ನನಗೆ ಪ್ರಾಣ. ಒಬ್ಬ ಹುಡುಗಿಗೆ ಎಷ್ಟು ನೀರು ಕುಡಿದರೂ ದಾಹ ತೀರುವುದಿಲ್ಲ. ಮನೆಯ ಹಂಡೆ, ಊರಿನ ಬಾವಿ ಎಲ್ಲ ಬರಿದಾಗಿ ಅವಳು ಕೆರೆಗಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಯಾವ ಕೆರೆಯೂ ಸುಮ್ಮನೆ ನೀರು ಕೊಡುವುದಿಲ್ಲ. ಮೊದಲನೆಯದು ಅವಳ ಬಳೆ ಕೇಳುತ್ತದೆ, ಎರಡನೆಯದು ಕಾಲುಗೆಜ್ಜೆ, ಮೂರನೆಯದು ಜಡೆ, ನಾಲ್ಕನೆಯದು ನೆರಳು, ಐದನೆಯದು ನಗು. ಆರನೆಯ ಕೆರೆ ಅವಳ ಹೆಸರನ್ನೇ ಕೇಳುತ್ತದೆ. ಹೆಸರನ್ನೂ ಕೊಟ್ಟು ಬರಿಗೈಯಲ್ಲಿ ಆ ಹುಡುಗಿ ಏಳನೆಯ ಕೆರೆಯ ಏರಿ ಹತ್ತುತ್ತಾಳೆ. ಕೊಡಲು ಏನೂ ಉಳಿದಿಲ್ಲ, ದಾಹ ಮಾತ್ರ ಉಳಿದಿದೆ. ಆ ಕೆರೆ ಏನು ಕೇಳಿತು ಎಂಬುದು ನನಗೆ ಗೊತ್ತಿಲ್ಲ. ಐದೋ ಆರೋ ಕೆರೆಗೆ, ಹೆಚ್ಚೆಂದರೆ ಆ ಏರಿಗೆ ಬರುವಷ್ಟರಲ್ಲಿ ನನ್ನ ಹೂಂ ನಿಂತುಹೋಗಿರುತ್ತಿತ್ತು. ಬೆಳಿಗ್ಗೆ ಎದ್ದು ಕೇಳಿದರೆ ದೊಡ್ಡವ್ವ ಸಗಣಿ ಎತ್ತುತ್ತಾ, "ರಾತ್ರಿ ಎಲ್ಲೋಗಿದ್ದೆ? ಕೆರೆ ನಿಂಗೋಸ್ಕರ ಕಾಯ್ಕೊಂಡ್ ಕುಂತಿದ್ದದಾ?" ಎಂದು ಗೇಲಿ ಮಾಡುತ್ತಿದ್ದಳು. ಆಮೇಲೆ ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮದುವೆ ಮಾಡಿಕೊಂಡೆ, ಸಂಸಾರ ನನಗೂ ಏಳು ಕೆರೆ ನೀರು ಕುಡಿಸಿತು. ಆ ಕತೆಯ ಕೊನೆ ಕೇಳುವುದು ಹಾಗೇ ಉಳಿದುಹೋಯಿತು.

ಈಚಿನ ವರ್ಷಗಳಲ್ಲಿ, ಬರೀ ಪುಸ್ತಕ ಕೊಟ್ಟು ಪುಸ್ತಕ ಇಸಕೊಂಡರೆ ಸಾಲದು, ಲೈಬ್ರರಿಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳೂ ಆಗಬೇಕು ಎಂದು ಮೇಲಿನವರು ಹೇಳತೊಡಗಿದರು. ಮೊದಮೊದಲು ನಾನು ಗೊಣಗಿಕೊಂಡೇ ಮಾಡಿದೆ. ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟೆ. ಒಂದು ಸಲ ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯಿಂದ ಸೋಬಾನೆ ಹಾಡುವ ಹೆಂಗಸರು ಬಂದರು. ಇನ್ನೊಂದು ಸಲ ಪಿರಿಯಾಪಟ್ಟಣದ ಕಾಲೇಜು ಮಕ್ಕಳು ಕವನ ಓದಿದರು. ಜನ ಬಂದರು, ಮುಂದಿನ ಕುರ್ಚಿಗಳಲ್ಲಿ ಕೂತರು, ಹೊರಡುವಾಗ ಒಬ್ಬಿಬ್ಬರು ಪುಸ್ತಕವನ್ನೂ ತೆಗೆದುಕೊಂಡು ಹೋದರು. ನನಗೂ ರುಚಿ ಹತ್ತಿತು. ಮುಂದಿನ ತಿಂಗಳು ಯಾರನ್ನು ಕರೆಯುವುದು ಎಂದು ಯೋಚಿಸುತ್ತಿದ್ದಾಗ ದೊಡ್ಡವ್ವನ ನೆನಪಾಯಿತು. ಮಕ್ಕಳಿಗೂ ಆಯಿತು, ನನ್ನ ಏಳನೆಯ ಕೆರೆಯೂ ಆಯಿತು ಎಂದುಕೊಂಡೆ.

ಕೇಳಲು ಹೋದಾಗ ದೊಡ್ಡವ್ವನ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವಳ ಎರಡು ಕಣ್ಣಿಗೂ ಪೊರೆ ಬಂದು ಮನುಷ್ಯರು ಬರೀ ಮಸುಕಾಗಿ ಕಾಣುತ್ತಿದ್ದರು. ಆಪರೇಷನ್ ಎಂದರೆ "ಈ ಸೊಪ್ಪಿನ ಕೆಲ್ಸ ಮುಗೀಲಿ" ಎಂದು ಮುಂದಕ್ಕೆ ಹಾಕುತ್ತಲೇ ಇದ್ದಳು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದರು. ಆದರೆ ಮೊಮ್ಮಕ್ಕಳು ಟಿವಿ ಮುಂದೆ.

"ದಾಹದ ಉಡ್ಗಿ ಕತೆ ನಮ್ಮಜ್ಜಿ ನಂಗೆ ಕೊಟ್ಟಿದ್ದು ಕಣ್ ಮಗಾ. ಇದ್ನ ಇಟ್ಕಂಡು ನಾನು ಸಾಯ್ಬಾರ್ದು. ಯಾರಾರ ಈಸ್ಕಳೋರು ಬೇಕು" ಎಂದಳು.

"ಲೈಬ್ರರಿ ತುಂಬ ಮಕ್ಕಳನ್ನ ಕೂರಿಸ್ತೀನಿ ದೊಡ್ಡವ್ವ" ಎಂದೆ ನಾನು.

ಕಾರ್ಯಕ್ರಮದ ದಿನ ಅವಳು ಮಗನ ಮೋಟಾರ್ ಬೈಕಿನಲ್ಲಿ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಓದುವ ಕೋಣೆಯ ಮೇಜುಗಳನ್ನು ಸರಿಸಿ ಜಮಖಾನ ಹಾಸಿ ಎರಡು ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿದ್ದೆವು. ಹಿಂದೆ ಕುರ್ಚಿಗಳಲ್ಲಿ ದೊಡ್ಡವರು, ಮುಂದೆ ಮುಖ್ಯ ಅತಿಥಿಗಳಾಗಿ ಬಂದಿದ್ದ ಒಬ್ಬ ಅಧಿಕಾರಿ. ಶಾಲೆಯ ಟೀಚರುಗಳು ಮಕ್ಕಳಿಗೆ ಮೊದಲೇ ಹೇಳಿ ಕರೆತಂದಿದ್ದರು: ಲೈಬ್ರರಿಯಲ್ಲಿ ಕಮಕ್ ಕಿಮಕ್ ಅನ್ನಬಾರದು. ಯಾರೂ ಅನ್ನಲಿಲ್ಲ. ದೊಡ್ಡವ್ವ ಕತೆ ಶುರು ಮಾಡಿದಾಗ ಗಡಿಯಾರದ ಟಿಕ್ ಟಿಕ್ ಕೇಳುವಷ್ಟು ಸದ್ದಡಗಿತ್ತು. ನಾನು ಬಾಗಿಲ ಬಳಿ ನಿಂತು ಚಹಾ ತಂದವನಿಗೆ ಸನ್ನೆಯಲ್ಲೇ ಒಳಗೆ ಬರಬೇಡ ಎಂದೆ. ನಮ್ಮ ಲೈಬ್ರರಿಯ ಶಿಸ್ತನ್ನು ಅಧಿಕಾರಿಗಳು ನೋಡಲಿ ಎಂಬ ಹೆಮ್ಮೆ ನನಗೆ.

ದೊಡ್ಡವ್ವ ಬಳೆಯ ಕೆರೆ ದಾಟಿಸಿದಳು. ನಿಲ್ಲಿಸಿದಳು. ಕಾದಳು. ಮತ್ತೆ ಮುಂದುವರಿದಳು. ಗೆಜ್ಜೆಯ ಕೆರೆ ಆದ ಮೇಲೆ ಅವಳು ದನಿ ಏರಿಸಿದಳು. ಕಿವುಡರಿಗೆ ಹೇಳುವ ಹಾಗೆ. ಜಡೆಯ ಕೆರೆಯಲ್ಲಿ ಕೈಯಿಂದ ನೆಲ ತಟ್ಟಿದಳು. "ಕೇಳ್ತಾ ಇದ್ದೀರಾ?" ಎಂದಳು. ಮಕ್ಕಳೆಲ್ಲ ಜೋರಾಗಿ ತಲೆಯಾಡಿಸಿದವು. ಬಾಯಿ ತೆರೆದುಕೊಂಡು ಕೇಳುತ್ತಿದ್ದವು ಪಾಪ, ಒಂದು ಮಗು ದಾಹದ ಹುಡುಗಿಯ ಜೊತೆ ತಾನೂ ಎಂಜಲು ನುಂಗುತ್ತಿತ್ತು. ಅದೆಲ್ಲ ನನಗೆ ಕಾಣುತ್ತಿತ್ತು. ದೊಡ್ಡವ್ವನ ಕಣ್ಣಿಗೆ ಕಾಣುತ್ತಿರಲಿಲ್ಲ. ನೆರಳು, ನಗು, ಹೆಸರು ಎಲ್ಲ ಕೊಟ್ಟಾದ ಮೇಲೆ ಹುಡುಗಿ ಏಳನೆಯ ಕೆರೆಯ ಏರಿ ಹತ್ತಿದಳು. "ಆ ಕೆರೆ ಏನ್ ಕೇಳ್ತು ಗೊತ್ತಾ?" ಎಂದು ದೊಡ್ಡವ್ವ ನಿಲ್ಲಿಸಿದಳು. ನಾನು ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದೆ. ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ದೊಡ್ಡವ್ವ ಕಿವಿ ಒಂದು ಕಡೆ ವಾಲಿಸಿ ಕಾದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಎಲ್ಲಾ ನಿದ್ದೆ ಓಗ್ಬುಟ್ಟವ್ರೆ. ಉಳಿದದ್ದು ನಾಳಿಕೆ ಕಣವ್ವ" ಎಂದು ಸೆರಗು ಸರಿ ಮಾಡಿಕೊಂಡು ಎದ್ದುಬಿಟ್ಟಳು.

ಜನ ಗೊಳ್ಳನೆ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ತಮಾಷೆಗೆ ಹೀಗೆ ಮುಗಿಸಿದಳು ಎಂದು ಕೆಲವರು ತಿಳಿದರು. ಅಧಿಕಾರಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಅಜ್ಜಿಗೆ ವಯಸ್ಸಾಗಿದೆ, ಕೊನೆ ಮರೆತುಹೋಗಿದೆ, ಪರವಾಗಿಲ್ಲ, ಇಷ್ಟು ಹೇಳಿದ್ದೇ ದೊಡ್ಡದು." ಚಿಕ್ಕಂದಿನಲ್ಲಿ ದೊಡ್ಡವ್ವನ "ಉಳಿದದ್ದು ನಾಳಿಕೆ" ಕೇಳಿಕೊಂಡೇ ನಿದ್ದೆ ಹೋದವಳು ನಾನು. ಆದರೂ ಆ ಗಳಿಗೆಯಲ್ಲಿ ನನಗೂ ಅವರು ಹೇಳಿದ್ದೇ ನಿಜ ಅನ್ನಿಸಿತು. ಇಷ್ಟು ವರ್ಷ ಮೌನದ ಬೋರ್ಡಿನ ಕೆಳಗೆ ಕೂತು ನನ್ನ ಬುದ್ಧಿಗೂ ಬಾಯಿ ಕಟ್ಟಿಹೋಗಿತ್ತು ಎಂದು ಕಾಣುತ್ತದೆ.

ಮಗ ಪೇಟೆಗೆ ಏನೋ ತರಲು ಹೋಗಿದ್ದ. ಅವನು ಬರುವ ತನಕ ದೊಡ್ಡವ್ವ ಹೊರಗೆ ಹೊಂಗೆ ಮರದ ಕಟ್ಟೆಯ ಮೇಲೆ ಶಾಲು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಮರ್ತೋಯ್ತು ಅಂದ್ನಲ್ಲ ಮಗಾ ಆವಯ್ಯ. ನಂಗಾ ಮರ್ತೋಗದು?"

"ಮತ್ತೆ ಯಾಕೆ ನಿಲ್ಲಿಸಿದೆ ದೊಡ್ಡವ್ವ?"

"ಒಬ್ರಾರ ಊಂ ಅಂದ್ರಾ? ನಿಜ ಯೋಳು, ಕತೆ ಯೋಳ್ವಾಗ್ಲೂ ಒಳ್ಗೆ ಜನ ಇದ್ರಾ?"

"ತುಂಬಿದ್ರು ದೊಡ್ಡವ್ವ. ಕಾಲಿಡೋಕೆ ಜಾಗ ಇರಲಿಲ್ಲ."

"ಇದ್ದೂ ಊಂ ಅನ್ನಿಲ್ವಾ? ಅದೆಂಥ ಜನ ಅವ್ವ! ಗ್ವಾಡೆಗೆ ಯೋಳ್ದಂಗಾಯ್ತು."

ಆಗ ನನಗೆ ಅರ್ಥವಾಯಿತು. ನಾಚಿಕೆಯೂ ಆಯಿತು, ನಗುವೂ ಬಂತು. ಲೈಬ್ರರಿಯಲ್ಲಿ ಸದ್ದು ಮಾಡಬಾರದು ಎಂದು ವಿವರಿಸಿದೆ. ಅವಳು ಅದನ್ನು ನಂಬಲೇ ಇಲ್ಲ. ಪುಸ್ತಕ ಇಟ್ಟಿರುವ ಜಾಗದಲ್ಲಿ ಮಾತಾಡಬಾರದು ಎಂದರೆ ಯಾವ ನ್ಯಾಯ ಎಂದಳು. "ನನಗಾದ್ರೂ ಹೇಳು, ಏಳನೇ ಕೆರೆ ಏನು ಕೇಳ್ತು?" ಎಂದು ಅಲ್ಲೇ ಕೇಳಿದೆ. ಅವಳು ನನ್ನ ತಲೆಯ ಮೇಲೆ ಮೆಲ್ಲಗೆ ಮೊಟಕಿದಳು. "ಕತೆ ನಡುಕಿಂದ ಯೋಳದಲ್ಲ ಅಂತ ಗೊತ್ತಿಲ್ವಾ ನಿಂಗೆ? ಮೊದ್ಲಿಂದ ನಡ್ಕಂಡ್ ಬಂದ್ರೇನೆ ಅಲ್ಲಿಗಂಟ ಬತ್ತದೆ ಅದು. ಇನ್ನೊಂದ್ಸಾರಿ ಕರಿ, ಬತ್ತೀನಿ. ಊಂ ಅನ್ನೋರ್ನ ಕೂರ್ಸು. ಮರ್ತೋಗಿಲ್ಲ ಅಂತ ಆವಯ್ಯಂಗೂ ಗೊತ್ತಾಗ್ಲಿ." ಬೈಕು ಬಂತು, ಅವಳು ಹಣ್ಣಿನ ಬುಟ್ಟಿ ತಬ್ಬಿಕೊಂಡು ಹತ್ತಿದಳು.

ನಾನು ಹಿಡಿದ ಕೆಲಸ ಬಿಡುವವಳಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಸೇರಿಸಿ, ಪುಸ್ತಕದ ಕತೆ ಓದುತ್ತಾ ಹೂಂಗುಟ್ಟುವುದನ್ನು ಕಲಿಸಲು ಹೊರಟೆ. ನಗಬೇಡಿ, ಅದನ್ನೂ ಕಲಿಸಬೇಕಾಗುತ್ತದೆ. ಮೊದಲ ದಿನ ಎಲ್ಲ ಒಟ್ಟಿಗೆ ಹೂಂ ಎಂದು ರಾಗ ಎಳೆದು ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಪರೀಕ್ಷೆಗೆ ಓದುವ ಹುಡುಗರು ಎದ್ದು ಬಂದು, "ಮೇಡಂ, ನೀವೇ ಹಿಂಗ್ ಮಾಡಿದ್ರೆ?" ಎಂದರು. ಅಲ್ಲಿಂದ ಹೊಂಗೆ ಮರದ ಕೆಳಗೆ ಹೋದೆವು. ಪೇಟೆಯ ಮಕ್ಕಳಿಗೆ ಎಲ್ಲಿ ಹೂಂ ಅನ್ನಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದ, ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದಾಚೆ ಕಾಡಂಚಿನ ಬುಡಕಟ್ಟು ಹಾಡಿಗಳ ಮಕ್ಕಳಿಗೆ ಮಾತ್ರ ಅದು ಮನೆಯಲ್ಲೇ ಬಂದಿತ್ತು. ಅವುಗಳ ಮಧ್ಯೆ ಒಂದೊಂದು ಪೇಟೆ ಮಗುವನ್ನು ಕೂರಿಸಿದೆ. ನಾಲ್ಕೈದು ಶನಿವಾರಕ್ಕೆ ಹದ ಬಂತು. ಕತೆಯಲ್ಲಿ ಯಾರಾದರೂ ಬಿದ್ದರೆ ಹೂಂ ಸಣ್ಣಗಾಗುವುದು, ಗೆದ್ದರೆ ಜೋರಾಗುವುದು, ಮೋಸ ಕಂಡರೆ ಬಾಲ ಎತ್ತಿ ಪ್ರಶ್ನೆಯಾಗುವುದು, ಎಲ್ಲ ತಾನಾಗಿ ಬಂದುಬಿಟ್ಟಿತು. ಪೇಪರ್ ಮೇಷ್ಟ್ರು ಒಂದು ದಿನ ಕನ್ನಡಕ ಮೇಲೇರಿಸಿ ಬಂದು ಕಟ್ಟೆಯ ತುದಿಯಲ್ಲಿ ಕೂತರು. ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದವರು ಅವರೇ. "ಕೊನೆಗೂ ಬಾಯಿ ಬಿಡಕ್ಕೆ ಅಪ್ಪಣೆ ಆಯ್ತಲ್ಲ ತಾಯಿ" ಎಂದು ನನ್ನನ್ನು ಚುಚ್ಚಿದರು.

ಮಕ್ಕಳು ತಯಾರಾದವು. ಆಗ ಕರೆದುಬಿಡಬೇಕಿತ್ತು. ಅಷ್ಟರಲ್ಲಿ ಹೊಗೆಸೊಪ್ಪು ಮುರಿಯುವ ಕಾಲ ಬಂತು. ಕಣ್ಣು ಕಾಣದಿದ್ದರೂ ದೊಡ್ಡವ್ವ ಬೆರಳ ಅಂದಾಜಿನಲ್ಲೇ ಬ್ಯಾರನ್ನಿಗೆ ಏರಿಸುವ ಕಡ್ಡಿಗೆ ಎಲೆ ಕಟ್ಟುತ್ತಿದ್ದಳು, ಬ್ಯಾರನ್ನು ಹೊತ್ತಿಸಿದ ಮೇಲೆ ಅವಳು ಮನೆ ಬಿಟ್ಟು ಬರುವುದಿಲ್ಲ. ಅದು ಮುಗಿಯಿತು. ಆಮೇಲಿನ ತಡ ನನ್ನ ಕಡೆಯದು. ಗ್ರಂಥಾಲಯ ಸಪ್ತಾಹ ಹತ್ತಿರ ಬರುತ್ತಿತ್ತು. ಶಾಮಿಯಾನ ಇರುತ್ತದೆ, ಒಳ್ಳೆಯ ಮೈಕು ಇರುತ್ತದೆ, ಅದೇ ಅಧಿಕಾರಿಯನ್ನು ಮತ್ತೆ ಕರೆಯಬಹುದು, ದೊಡ್ಡವ್ವನ ಮಾನ ಹೋದ ಕಡೆಯೇ ಮಾನ ಬರಲಿ ಎಂದುಕೊಂಡೆ. ಈಗ ಹೇಳಿದರೆ ಚೆನ್ನಾಗಿಯೇ ಕೇಳಿಸುತ್ತದೆ.

ಆ ನಡುವೆ ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ತಾರೀಖು ಹೇಳಿ, ಅವರೆಕಾಳು ಸಾರಿನ ಊಟ ಮಾಡಿ ಜಗಲಿಗೆ ಬಂದೆ. ಬಿಸಿಲು ಇಳಿಯುತ್ತಿತ್ತು. ದೊಡ್ಡವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಪಕ್ಕದಲ್ಲಿ ಜಾಗ ಮಾಡಿದಳು.

"ಕುಂತ್ಕಳವ್ವ. ಒತ್ತು ಮುಳುಗ್ತಾ ಅದೆ. ಇವತ್ತು ನಿಂಗೆ ಯೋಳ್ಬುಡ್ತೀನಿ. ನೀನೊಬ್ಳು ಊಂ ಅಂದ್ರೆ ಸಾಕು."

ನಾನು ಗಡಿಯಾರ ನೋಡಿಕೊಂಡೆ. ಬಿಳಿಕೆರೆಯಲ್ಲಿ ಬಸ್ಸು ಹಿಡಿಯಬೇಕಿತ್ತು. "ಬ್ಯಾಡ ಬುಡು ದೊಡ್ಡವ್ವ, ಈಗ್ಲೇ ಹೇಳಿ ಸುಸ್ತು ಮಾಡ್ಕೋಬೇಡ. ಅಲ್ಲಿ ಮಕ್ಕಳೆಲ್ಲ ಇರ್ತಾರೆ, ಅವರ ಜೊತೆಗೇ ಕೇಳ್ತೀನಿ" ಎಂದೆ. ಅವಳು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ, "ಅಂಗೇ ಆಗ್ಲಿ ಬುಡು" ಎಂದಳು. ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಬಿಳಿಕೆರೆಯ ಅಂಗಡಿ ಮುಂದೆ ಕಡಲೆಕಾಯಿ ತಿನ್ನುತ್ತಾ ನಿಂತಿದ್ದೆ.

ಸಪ್ತಾಹಕ್ಕೆ ಇನ್ನೂ ಕೆಲವು ದಿನ ಇರುವಾಗ ಅವಳಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಸಿ ಕೊಟ್ಟರು. ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು. ಡಾಕ್ಟರು, ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಆದರೆ ಮಾತು ಬರುವುದು ಕಷ್ಟ ಎಂದರು. ಸಪ್ತಾಹದ ದಿನ ಶಾಮಿಯಾನ ಹಾಕಿದ್ದರು, ಮೈಕು ಚೆನ್ನಾಗಿತ್ತು. ನಾನೇ ಒಂದು ಪುಸ್ತಕದಿಂದ ಕತೆ ಓದಿದೆ. ಮಕ್ಕಳು ಎಷ್ಟು ಚೆನ್ನಾಗಿ ಹೂಂಗುಟ್ಟಿದವು ಎಂದರೆ ಅಧಿಕಾರಿಗಳು ಬೆರಗಾಗಿ ನನ್ನ ಬೆನ್ನು ತಟ್ಟಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ನನಗೆ ಶಭಾಷ್‌ಗಿರಿ. ಒಳಗೆ ಬಂದು ಪುಸ್ತಕದ ಕಪಾಟಿನ ಹಿಂದೆ ನಿಂತು ಅತ್ತೆ. ಅಲ್ಲಿ ಅಳಬಹುದು, ಸದ್ದು ಮಾಡಬಾರದು ಅಷ್ಟೆ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ನಾನು ಮಾಡಿದ್ದು ಅದೇ. ಒಂದು ಜಗಲಿ, ಒಂದು ಸಂಜೆ, ಒಂದು ಹೂಂ, ಅಷ್ಟೇ ಸಾಕಿತ್ತು. ನನಗೆ ಸಭೆ ಬೇಕಾಯಿತು. ದೊಡ್ಡವ್ವನ ಮಗನನ್ನು ಕತೆಯ ಕೊನೆ ಕೇಳಿದೆ, "ನಮ್ಗೂ ಆರ್ನೇ ಕೆರೆಗೇ ನಿದ್ದೆ ಬತ್ತಿತ್ತಲ್ಲ" ಎಂದ. ನಮ್ಮವ್ವ ಈಗಿಲ್ಲ, ಇದ್ದಿದ್ದರೂ ಅವಳು ಕತೆಗೆ ಕಿವಿ ಕೊಟ್ಟವಳಲ್ಲ. ಹಾಡಿಯ ಮಕ್ಕಳು ರಜೆಗೆ ಹೋದಾಗ ತಮ್ಮ ಅಜ್ಜಿಯರನ್ನು ಕೇಳಿ ಬಂದವು. ಅವರ ಕಡೆ ಬೇರೆ ಕತೆಗಳಿವೆ, ಇದಿಲ್ಲ.

ಈಗ ಭಾನುವಾರವಾದರೆ ನಾನು ದೊಡ್ಡವ್ವನ ಊರಿಗೆ ಹೋಗುತ್ತೇನೆ. ಬಸ್ಸಿನ ಹೊತ್ತು ನೋಡುವುದಿಲ್ಲ. ದೊಡ್ಡವ್ವನನ್ನು ಜಗಲಿಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿರುತ್ತಾರೆ. ಅವಳ ಬಾಯಿಂದ ಈಗ ಹೊರಡುವುದು ಒಂದೇ ಸದ್ದು, ಹೂಂ. ನೀರು ಬೇಕಾ ಎಂದರೂ ಹೂಂ, ನೋವಾ ಎಂದರೂ ಹೂಂ. ಹೋದ ಭಾನುವಾರ ಮನಸ್ಸು ಗಟ್ಟಿ ಮಾಡಿಕೊಂಡು, "ಒಂದೂರಲ್ಲಿ ಒಬ್ಳು ಹುಡುಗಿ ಇದ್ಲಂತೆ ದೊಡ್ಡವ್ವ, ಅವಳಿಗೆ ಎಷ್ಟು ನೀರು ಕುಡಿದ್ರೂ ದಾಹ" ಎಂದು ಶುರು ಮಾಡಿದೆ.

"ಹೂಂ" ಎಂದಳು. ಪೊರೆ ಕಟ್ಟಿದ ಕಣ್ಣು ನನ್ನ ಕಡೆ ತಿರುಗಿತು.

ಮೊದಲಿಂದ ಹೇಳಿದೆ, ನಡುವಿನಿಂದಲ್ಲ. ಬಳೆ ಕೊಟ್ಟಳು, ಹೂಂ. ಗೆಜ್ಜೆ ಕೊಟ್ಟಳು, ಹೂಂ. ಜಡೆಗೆ, ನೆರಳಿಗೆ, ನಗುವಿಗೆ ಅವಳ ಹೂಂ ಎಲ್ಲಿಯೂ ತಪ್ಪಲಿಲ್ಲ, ಹೆಸರು ಕೊಟ್ಟಾಗ ಸಣ್ಣಗಾಯಿತು. ಹುಡುಗಿ ಏಳನೆಯ ಕೆರೆಯ ಏರಿ ಹತ್ತಿದಳು. ಆ ಕೆರೆ ಏನು ಕೇಳಿತು ಎಂದರೆ, ಎಂದು ನಾನು ನಿಲ್ಲಿಸಿದೆ.

"ಹೂಂ" ಎಂದಳು ದೊಡ್ಡವ್ವ.

ನಾನು ಅವಳ ಬೆನ್ನಿನ ದಿಂಬು ಸರಿ ಮಾಡಿದೆ.

"ಹೂಂ?" ಎಂದಳು. ಎಡಗೈ ಚಾಚಿ ನನ್ನ ಮಂಡಿಯನ್ನು ತಟ್ಟಿದಳು.

"ಉಳಿದದ್ದು ನಾಳಿಕೆ ಕಣ್ ದೊಡ್ಡವ್ವ" ಎಂದೆ.

ಅದಕ್ಕೆ ಅವಳು ಹೂಂ ಅನ್ನಲಿಲ್ಲ. ನಿದ್ದೆ ಹೋಗಿಯೂ ಇರಲಿಲ್ಲ.